ಶನಿವಾರದ ಬಿಯರಿಗೆ ಶುಕ್ರವಾರ ರಾತ್ರಿಯ ತಯಾರಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವುದು ದೊಡ್ಡ ಹವ್ಯಾಸ. ಕ್ಯಾಲಿಫೋರ್ನಿಯಾ, ಟೆಕ್ಸಸ್ ಕಡೆ ನೆಲೆಸಿರುವ ಕನ್ನಡಿಗರಲ್ಲೂ ಇದರ ರುಚಿ ಹತ್ತಿಸಿಕೊಂಡವರಿದ್ದಾರೆ. ಉತ್ಸಾಹದಿಂದ ಶುರು ಮಾಡಿ, ನಾಲ್ಕಾರು ಸಲ ಚೆನ್ನಾಗಿಯೇ ತಯಾರಿಸಿ, ಆಮೇಲೆ ಪಾತ್ರೆಗಳನ್ನು ಗ್ಯಾರೇಜಿನ ಅಟ್ಟಕ್ಕೇರಿಸಿದವರೂ ಅಷ್ಟೇ ಇದ್ದಾರೆ. ಕಾರಣ ಕೇಳಿದರೆ ಬಿಯರ್ ಕೆಟ್ಟಿತೆಂದು ಹೇಳುವುದು ಅಪರೂಪ. ‘ಇರುವುದೊಂದು ಶನಿವಾರ, ಅದೂ ಪೂರ್ತಿ ಹೋಗುತ್ತದೆ’ ಎನ್ನುವುದೇ ಹೆಚ್ಚು.

ದೂರು ನಿಜವೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ, ಅಂದರೆ ಮಾಲ್ಟ್‌ನಿಂದ, ಇಪ್ಪತ್ತು ಲೀಟರ್ ಬಿಯರಿಗೆ ಬೇಕಾದ ರಸ ತೆಗೆದು, ಕುದಿಸಿ, ಆರಿಸಿ, ಯೀಸ್ಟ್ ಹಾಕಿ, ಪಾತ್ರೆ ತೊಳೆದು ಮುಗಿಸುವಷ್ಟರಲ್ಲಿ ಐದಾರು ಗಂಟೆ ಹಿಡಿಯುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಕೈಹಾಕಿದರೆ ಮಧ್ಯಾಹ್ನ ಮೂರು. ಆದರೆ ಆ ಐದಾರು ಗಂಟೆಯಲ್ಲಿ ಬಿಯರಿಗೆ ನಿಜವಾಗಿ ಬೇಕಾದದ್ದು ಎಷ್ಟು, ನಮ್ಮ ಹುಡುಕಾಟ, ತೂಕ, ಲೆಕ್ಕಾಚಾರಗಳು ತಿಂದದ್ದು ಎಷ್ಟು ಎಂದು ಬಿಡಿಸಿ ನೋಡಿದರೆ ದಾರಿ ಕಾಣುತ್ತದೆ. ಒಂದು, ಒಂದೂವರೆ ಗಂಟೆಯ ಕೆಲಸವನ್ನು ಹಿಂದಿನ ರಾತ್ರಿಗೆ ಸಲೀಸಾಗಿ ಸರಿಸಬಹುದು. ಅದರಿಂದ ಸಮಯ ಉಳಿಯುವುದು ಮಾತ್ರವಲ್ಲ, ಬಿಯರೂ ಸುಧಾರಿಸುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಕಾನೂನು ಬಿಟ್ಟುಕೊಟ್ಟ ಹವ್ಯಾಸ

ಈ ಹವ್ಯಾಸಕ್ಕೆ ಅಲ್ಲಿ ಕಾನೂನಿನ ಒಪ್ಪಿಗೆ ಸಿಕ್ಕಿದ್ದೇ ತಡವಾಗಿ. 1920ರಲ್ಲಿ ಜಾರಿಗೆ ಬಂದ ಪಾನನಿಷೇಧ 1933ರಲ್ಲಿ ರದ್ದಾಯಿತು. ಆಗ ಮನೆಯಲ್ಲಿ ವೈನ್ ಮಾಡಿಕೊಳ್ಳಲು ಅವಕಾಶ ದೊರೆಯಿತಾದರೂ ಬಿಯರ್ ಹೊರಗೇ ಉಳಿಯಿತು. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮಸೂದೆ ಆ ಕೊರತೆಯನ್ನು ತುಂಬಿತು. 1979ರ ಫೆಬ್ರುವರಿ 1ರಿಂದ ಅದು ಜಾರಿಗೆ ಬಂತು. ಅದರ ಪ್ರಕಾರ ಒಬ್ಬರೇ ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಯಲ್ಲಿ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತೆರಿಗೆಯಿಲ್ಲದೆ ಸ್ವಂತಕ್ಕೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ರಾಜ್ಯಗಳ ಕಾನೂನು ಬೇರೆ ಇದ್ದುದರಿಂದ ಕೊನೆಯ ಎರಡು ರಾಜ್ಯಗಳಾದ ಅಲಬಾಮ ಮತ್ತು ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಅದೇ 1978ರಲ್ಲಿ ಕೊಲರಾಡೊದ ಬೋಲ್ಡರ್‌ನಲ್ಲಿ ಚಾರ್ಲಿ ಪಪೇಜಿಯನ್ ಮತ್ತು ಗೆಳೆಯರು ಹವ್ಯಾಸಿಗಳ ರಾಷ್ಟ್ರೀಯ ಸಂಘ ಕಟ್ಟಿದರು. ಬ್ರಿಟನ್ನಿನಲ್ಲಿ ಇದಕ್ಕೆ ಬೇಕಿದ್ದ ಲೈಸೆನ್ಸ್ 1963ರಲ್ಲೇ ರದ್ದಾಗಿತ್ತು.

ಕರ್ನಾಟಕದಲ್ಲಿ ಓದುತ್ತಿರುವವರಿಗೆ ಒಂದು ಮಾತು ಸ್ಪಷ್ಟವಾಗಿರಲಿ. ಇಲ್ಲಿ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಈ ಬರಹ ಹೇಳುವುದೆಲ್ಲ ಅವಕಾಶವಿರುವ ನಾಡಿನ ಮಾತು.

ಯಾವುದು ಕದಲದು, ಯಾವುದು ಕದಲುತ್ತದೆ

ತಯಾರಿಕೆಯ ದಿನದ ಕೆಲಸಗಳಲ್ಲಿ ಎರಡು ಬಗೆ. ಮೊದಲನೆಯದು ರಸಾಯನದ ಸಮಯ. ಒಡೆದ ಮಾಲ್ಟನ್ನು 65ರಿಂದ 69 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಒಂದು ಗಂಟೆ ಇಡಬೇಕು. ಇದಕ್ಕೆ ಮ್ಯಾಶ್ ಎನ್ನುತ್ತಾರೆ. ಕಾಳಿನಲ್ಲೇ ಇರುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುವ ಹೊತ್ತು ಅದು. ಸೋಸಿ ಬಂದ ಸಿಹಿ ರಸಕ್ಕೆ ವರ್ಟ್ ಎಂದು ಹೆಸರು. ಅದನ್ನು ಇನ್ನೊಂದು ಗಂಟೆ ಕುದಿಸಬೇಕು. ಹಾಪ್ಸ್ ಎಂಬ ಹೂವಿನ ಕಹಿ ಆಮ್ಲಗಳು ರೂಪ ಬದಲಿಸಿ ರಸದಲ್ಲಿ ಬೆರೆಯುವುದು, ಕ್ರಿಮಿಗಳು ಸಾಯುವುದು, ಬೇಡದ ವಾಸನೆ ಆವಿಯಾಗಿ ಹೋಗುವುದು ಆ ಕುದಿಯಲ್ಲೇ. ಈ ಎರಡು ಗಂಟೆಗಳನ್ನು ನಮ್ಮ ಅವಸರಕ್ಕೆ ಕುಗ್ಗಿಸಲಾಗದು.

ಎರಡನೆಯದು ಕೈಕೆಲಸದ ಸಮಯ. ನೀರು ಅಳೆಯುವುದು, ಕಾಳು ತೂಗಿ ಒಡೆಯುವುದು, ಹಾಪ್ಸ್ ತೂಗುವುದು, ಪೈಪು, ಜಾಲರಿ, ಥರ್ಮಾಮೀಟರ್ ಹುಡುಕುವುದು, ಲೆಕ್ಕ ಹಾಕುವುದು, ಮೊದಲ ನೀರು ಕಾಯಲು ಕಾಯುವುದು. ಇದರಲ್ಲಿ ಯಾವುದಕ್ಕೂ ಶನಿವಾರವೇ ಆಗಬೇಕೆಂದಿಲ್ಲ. ಮದುವೆ ಮನೆಯ ಅಡುಗೆ ಭಟ್ಟರು ಹಿಂದಿನ ರಾತ್ರಿಯೇ ತರಕಾರಿ ಹೆಚ್ಚಿಸಿ, ಕಾಯಿ ತುರಿಸಿ, ಸಾಮಾನನ್ನು ಒಲೆಯ ಪಕ್ಕ ಸಾಲಾಗಿ ಇಡಿಸುವುದು ಇದೇ ಲೆಕ್ಕದಲ್ಲಿ. ಒಲೆ ಹೊತ್ತಿದ ಮೇಲೆ ಅವರ ಕಣ್ಣು ಕೊಪ್ಪರಿಗೆಯ ಮೇಲಿರುತ್ತದೆ, ಈಳಿಗೆಯ ಮೇಲಲ್ಲ.

ನೀರು: ಮೊದಲ ಕೆಲಸ

ಇಪ್ಪತ್ತು ಲೀಟರ್ ಬಿಯರಿಗೆ ಸುಮಾರು ಮೂವತ್ತು ಲೀಟರ್ ನೀರು ಬೇಕು. ಐದು ಕಿಲೋ ಮಾಲ್ಟ್ ಸುಮಾರು ಐದು ಲೀಟರ್ ಹೀರಿಕೊಳ್ಳುತ್ತದೆ. ಒಂದು ಗಂಟೆಯ ಕುದಿಯಲ್ಲಿ ಮೂರು ನಾಲ್ಕು ಲೀಟರ್ ಆವಿಯಾಗುತ್ತದೆ. ತಳದ ಗಸಿಯಲ್ಲಿ ಇನ್ನೊಂದಿಷ್ಟು ನಿಲ್ಲುತ್ತದೆ. ಈ ಲೆಕ್ಕವನ್ನು ರಾತ್ರಿಯೇ ಮುಗಿಸಿ, ಮ್ಯಾಶಿನ ನೀರನ್ನು ಒಂದು ಪಾತ್ರೆಯಲ್ಲೂ ಕಾಳು ತೊಳೆಯುವ ನೀರನ್ನು ಇನ್ನೊಂದರಲ್ಲೂ ತುಂಬಿ ಮುಚ್ಚಿಟ್ಟರೆ ಬೆಳಗಿನ ಅರ್ಧ ಗೊಂದಲ ಇಲ್ಲವಾಗುತ್ತದೆ.

ನಲ್ಲಿ ನೀರಿನಲ್ಲಿರುವ ಕ್ಲೋರಿನ್ ಮಾಲ್ಟಿನ ಫಿನಾಲ್‌ಗಳ ಜತೆ ಸೇರಿದರೆ ಕ್ಲೋರೋಫಿನಾಲ್ ಆಗುತ್ತದೆ. ಅತಿ ಸ್ವಲ್ಪ ಇದ್ದರೂ ಬಿಯರಿಗೆ ಆಸ್ಪತ್ರೆಯ ಔಷಧಿಯ, ಬ್ಯಾಂಡೇಜಿನ ವಾಸನೆ ಬರುತ್ತದೆ. ಆಮೇಲೆ ಅದನ್ನು ತೆಗೆಯುವ ಉಪಾಯವಿಲ್ಲ. ತೆರೆದಿಟ್ಟ ನೀರಿನಿಂದ ಕ್ಲೋರಿನ್ ಬಹುಮಟ್ಟಿಗೆ ರಾತ್ರಿ ಕಳೆಯುವುದರಲ್ಲಿ ಹಾರಿಹೋಗುತ್ತದೆ. ಆದರೆ ಅಮೆರಿಕದ ಎಷ್ಟೋ ನಗರಗಳು ಈಗ ಕ್ಲೋರಮಿನ್ ಬಳಸುತ್ತವೆ. ಸ್ಯಾನ್ ಫ್ರಾನ್ಸಿಸ್ಕೊ 2004ರಲ್ಲಿ ಅದಕ್ಕೆ ಬದಲಾಯಿತು. ಕ್ಲೋರಮಿನ್ ಹಾಗೆ ಸುಲಭವಾಗಿ ಹಾರುವುದಿಲ್ಲ. ಅದಕ್ಕೆ ಕ್ಯಾಂಪ್ಡನ್ ಮಾತ್ರೆ ಬೇಕು. ಅದರಲ್ಲಿರುವ ಮೆಟಾಬೈಸಲ್ಫೈಟ್ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಒಂದು ಮಾತ್ರೆ ಸುಮಾರು 75 ಲೀಟರಿಗೆ ಸಾಕಾಗುವುದರಿಂದ ಮೂವತ್ತು ಲೀಟರಿಗೆ ಅರ್ಧ ಮಾತ್ರೆ ಧಾರಾಳ. ಪುಡಿ ಮಾಡಿ ಎರಡೂ ಪಾತ್ರೆಗೆ ಹಂಚಿ ಕಲಕಿದರಾಯಿತು. ಜಿಪ್ಸಮ್, ಕ್ಯಾಲ್ಸಿಯಂ ಕ್ಲೋರೈಡ್‌ನಂಥ ಲವಣ ಸೇರಿಸುವ ಅಭ್ಯಾಸವಿದ್ದರೆ ಅವನ್ನೂ ಈಗಲೇ ತೂಗಿ ಪುಟ್ಟ ಬಟ್ಟಲಲ್ಲಿಡಬೇಕು. ಎರಡು ಮೂರು ಗ್ರಾಮಿನ ತೂಕ ಅದು. ಅವಸರದ ಕೈಗೆ ಸಿಗುವಂಥದ್ದಲ್ಲ.

ಕಾಳು, ಹಾಪ್ಸ್, ಪಟ್ಟಿ

ಮಾಲ್ಟನ್ನು ಹಿಂದಿನ ದಿನವೇ ಒಡೆದರೆ ಕೆಡುವುದಿಲ್ಲವೇ ಎಂದು ಹೊಸಬರು ಹೆದರುತ್ತಾರೆ. ಒಡೆದ ಕಾಳು ತೇವ ಹೀರಿ, ಗಾಳಿ ತಾಗಿ ಹಳಸುವುದು ನಿಜ. ಆದರೆ ಮುಚ್ಚಳ ಬಿಗಿಯಾದ ಬಕೆಟ್ಟಿನಲ್ಲಿ ಒಂದು ರಾತ್ರಿ ಇಟ್ಟದ್ದಕ್ಕೆ ರುಚಿಯಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ. ಅಂಗಡಿಯಲ್ಲೇ ಒಡೆಸಿ ತಂದು ಕೆಲವು ದಿನ ಬಿಟ್ಟು ಬಳಸುವವರೂ ಒಳ್ಳೆಯ ಬಿಯರನ್ನೇ ಮಾಡುತ್ತಾರೆ.

ಮುಂಚೆಯೇ ಒಡೆಯುವುದರಲ್ಲಿ ಇನ್ನೊಂದು ಲಾಭವಿದೆ. ಬಾರ್ಲಿಯ ಸಿಪ್ಪೆಯ ಮೇಲೆ ಲ್ಯಾಕ್ಟೋಬ್ಯಾಸಿಲಸ್ ಸಹಜವಾಗಿಯೇ ಇರುತ್ತದೆ. ಒಡೆಯುವಾಗ ಏಳುವ ಧೂಳಿನಲ್ಲಿ ಅದು ಮನೆಯೆಲ್ಲ ಹರಡುತ್ತದೆ. ಆರಿದ ವರ್ಟಿನೊಳಗೆ ಆ ಧೂಳು ಬಿದ್ದರೆ ಬಿಯರ್ ಹುಳಿಯಾಗುವ ಅಪಾಯವಿದೆ. ಹಿಂದಿನ ಸಂಜೆ ಗ್ಯಾರೇಜಿನಲ್ಲೋ ಹಿತ್ತಲಲ್ಲೋ ಒಡೆದು, ಜಾಗ ಒರೆಸಿದರೆ ಧೂಳಿಗೂ ಯೀಸ್ಟಿಗೂ ನಡುವೆ ಒಂದು ರಾತ್ರಿಯ ಅಂತರ ಸಿಗುತ್ತದೆ. ಡ್ರಿಲ್ ಜೋಡಿಸಿದ ರೋಲರ್ ಗಿರಣಿಯ ಸದ್ದು ದೊಡ್ಡದು. ಅಕ್ಕಪಕ್ಕದವರು ಮಲಗುವ ಮೊದಲೇ ಆ ಕೆಲಸ ಮುಗಿಯಲಿ.

ಹಾಪ್ಸನ್ನು ಹಾಕುವ ಹೊತ್ತಿನ ಪ್ರಕಾರ ಬೇರೆ ಬೇರೆ ಪೊಟ್ಟಣ ಮಾಡಬೇಕು. ಕುದಿಯ ಆರಂಭದಲ್ಲಿ ಹಾಕಿದ್ದು ಕಹಿ ಕೊಡುತ್ತದೆ, ಕೊನೆಯಲ್ಲಿ ಹಾಕಿದ್ದು ಪರಿಮಳ. ಅದಲುಬದಲಾದರೆ ಬಿಯರೇ ಬೇರೆಯಾಗುತ್ತದೆ. ‘60’, ‘15’, ‘0’ ಎಂದು ಬರೆದು, ಗಾಳಿ ಹೊರದಬ್ಬಿ ಮುಚ್ಚಿ, ಫ್ರೀಜರಿನಲ್ಲಿಡಬೇಕು. ವರ್ಟನ್ನು ತಿಳಿಯಾಗಿಸುವ ಐರಿಷ್ ಮಾಸ್ ಎಂಬ ಕಡಲಪಾಚಿಯನ್ನು ‘15’ರ ಪೊಟ್ಟಣದ ಜತೆಗೇ ಇಟ್ಟುಬಿಟ್ಟರೆ ಒಳ್ಳೆಯದು. ಕುದಿಯ ಕೊನೆಯ ಗಡಿಬಿಡಿಯಲ್ಲಿ ಮರೆತುಹೋಗುವ ವಸ್ತುಗಳಲ್ಲಿ ಮೊದಲನೆಯದು ಅದೇ.

ಇವೆಲ್ಲಕ್ಕಿಂತ ಬೆಲೆಯುಳ್ಳದ್ದು ಒಂದು ಹಾಳೆ. ನೀರೆಷ್ಟು, ಎಷ್ಟು ಬಿಸಿ, ಎಷ್ಟು ಹೊತ್ತಿಗೆ ಏನು ಎಂದು ಅದರಲ್ಲಿ ಬರೆದಿರಬೇಕು. ಮ್ಯಾಶಿನ ನೀರು ಎಷ್ಟು ಬಿಸಿಯಿರಬೇಕು ಎಂಬುದಕ್ಕೆ ಸರಳ ಲೆಕ್ಕವಿದೆ. ಒಂದು ಕಿಲೋ ಕಾಳಿಗೆ ಎಷ್ಟು ಲೀಟರ್ ನೀರೋ ಆ ಸಂಖ್ಯೆಯಿಂದ 0.41ನ್ನು ಭಾಗಿಸಿ, ಬಂದದ್ದನ್ನು ಬೇಕಾದ ಶಾಖಕ್ಕೂ ಕಾಳಿನ ಶಾಖಕ್ಕೂ ಇರುವ ವ್ಯತ್ಯಾಸದಿಂದ ಗುಣಿಸಿ, ಬೇಕಾದ ಶಾಖಕ್ಕೆ ಕೂಡಿಸಬೇಕು. ಐದು ಕಿಲೋ ಕಾಳು, ಹದಿನೈದು ಲೀಟರ್ ನೀರು, ಕಾಳು 20 ಡಿಗ್ರಿಯಲ್ಲಿದೆ, ಮ್ಯಾಶ್ 67ರಲ್ಲಿ ನಿಲ್ಲಬೇಕು ಎಂದಾದರೆ ನೀರು ಸುಮಾರು 73.5 ಡಿಗ್ರಿ ಇರಬೇಕು. ಪಾತ್ರೆ ತಣ್ಣಗಿದ್ದರೆ ಅದು ಹೀರುವ ಶಾಖಕ್ಕೆ ಇನ್ನೂ ಸ್ವಲ್ಪ ಸೇರಿಸಬೇಕು. ಗ್ಯಾರೇಜಿನ ಚಳಿಯಲ್ಲಿ ರಾತ್ರಿಯೆಲ್ಲ ಇದ್ದ ಕಾಳು 20 ಡಿಗ್ರಿಯಲ್ಲಿ ಇರುವುದಿಲ್ಲ. ಆದ್ದರಿಂದ ಬಕೆಟ್ಟನ್ನು ಮನೆಯೊಳಗೆ ಇಟ್ಟರೆ ಲೆಕ್ಕ ತಪ್ಪುವುದಿಲ್ಲ.

ಯೀಸ್ಟಿಗೆ ಎರಡು ರಾತ್ರಿ ಮೊದಲು

ಒಣ ಯೀಸ್ಟಿನ ಪೊಟ್ಟಣಕ್ಕೆ ಮುಂಚಿನ ಉಪಚಾರ ಬೇಡ. ದ್ರವ ಯೀಸ್ಟಿನ ಮಾತು ಬೇರೆ. ಅದರಲ್ಲಿ ಜೀವಕೋಶಗಳು ಕಡಿಮೆ. ದಿನ ಕಳೆದಂತೆ ಸಾಯುತ್ತಲೂ ಇರುತ್ತವೆ. ಅದಕ್ಕೆ ಸ್ಟಾರ್ಟರ್ ಬೇಕು. ಒಂದು ಲೀಟರ್ ನೀರಿಗೆ ನೂರು ಗ್ರಾಂ ಒಣ ಮಾಲ್ಟ್ ಸಾರದ ಪುಡಿ ಹಾಕಿ, ಹತ್ತು ಹದಿನೈದು ನಿಮಿಷ ಕುದಿಸಿ, ಕೋಣೆಯ ಶಾಖಕ್ಕೆ ತಂದು, ಯೀಸ್ಟ್ ಸೇರಿಸಿ, ಬಾಯಿಗೆ ಫಾಯಿಲ್ ಸಡಿಲವಾಗಿ ಮುಚ್ಚಿ ಆಗಾಗ ಕುಲುಕುತ್ತಿರಬೇಕು. ಕೋಶಗಳು ಹೆಚ್ಚಲು ಒಂದು ದಿನವಾದರೂ ಬೇಕು, ಎರಡಾದರೆ ಇನ್ನೂ ಒಳ್ಳೆಯದು. ಹಾಗಾಗಿ ಶನಿವಾರದ ಬಿಯರಿಗೆ ಯೀಸ್ಟಿನ ಕೆಲಸ ಶುರುವಾಗಬೇಕಾದದ್ದು ಗುರುವಾರದಷ್ಟು ಹೊತ್ತಿಗೇ. ಮರೆತಿದ್ದರೆ ಶುಕ್ರವಾರ ರಾತ್ರಿ ಮಾಡಿದ್ದೂ ವ್ಯರ್ಥವಲ್ಲ. ಸಂಖ್ಯೆ ಅಷ್ಟು ಹೆಚ್ಚದಿದ್ದರೂ ಯೀಸ್ಟ್ ಎಚ್ಚೆತ್ತು ಕೆಲಸಕ್ಕೆ ಸಿದ್ಧವಾಗಿರುತ್ತದೆ.

ತೊಳೆಯುವುದು ಇಂದು, ಕ್ರಿಮಿ ತೆಗೆಯುವುದು ನಾಳೆ

ಇಲ್ಲಿ ಒಂದು ಗೆರೆ ಎಳೆದುಕೊಳ್ಳಬೇಕು. ಪಾತ್ರೆಯ ಕಲೆ, ಜಿಡ್ಡು, ಪೈಪಿನೊಳಗಿನ ಹಳೆಯ ಗಸಿ ತೆಗೆಯುವ ಕೆಲಸವನ್ನು ರಾತ್ರಿಯೇ ಮುಗಿಸಬಹುದು, ಮುಗಿಸಲೂಬೇಕು. ಆದರೆ ಕ್ರಿಮಿನಾಶಕ ದ್ರಾವಣದಲ್ಲಿ ಅದ್ದುವ ಕೆಲಸ ಬಳಸುವ ಹೊತ್ತಿಗೇ ಆಗಬೇಕು. ರಾತ್ರಿ ಅದ್ದಿಟ್ಟ ಬಕೆಟ್ ಬೆಳಗಾಗುವಷ್ಟರಲ್ಲಿ ಒಣಗಿ, ಅದರ ಮೇಲೆ ಧೂಳು ಕೂತಿರುತ್ತದೆ. ಹೀಗೆ ಕಾಯ್ದುಕೊಳ್ಳಬೇಕಾದದ್ದು ಕುದಿ ಇಳಿದ ಮೇಲೆ ವರ್ಟನ್ನು ಮುಟ್ಟುವ ವಸ್ತುಗಳನ್ನಷ್ಟೇ. ಮ್ಯಾಶ್ ಪಾತ್ರೆ, ಸೌಟು, ಜಾಲರಿ ಇವು ಶುಚಿಯಾಗಿದ್ದರೆ ಸಾಕು, ಕುದಿ ಉಳಿದದ್ದನ್ನು ನೋಡಿಕೊಳ್ಳುತ್ತದೆ.

ಉಪಕರಣಗಳ ಪರೀಕ್ಷೆಗೂ ರಾತ್ರಿಯೇ ಸರಿ. ಥರ್ಮಾಮೀಟರನ್ನು ಕರಗುತ್ತಿರುವ ಐಸಿನಲ್ಲಿ ಅದ್ದಿದರೆ ಸೊನ್ನೆ ತೋರಿಸಬೇಕು. ಗ್ಯಾಸ್ ಸಿಲಿಂಡರನ್ನು ತೂಗಿ ನೋಡಬೇಕು; ಕುದಿಯ ನಡುವೆ ಗ್ಯಾಸ್ ಮುಗಿದರೆ ಅಂಗಡಿಗೆ ಓಡುವ ಅರ್ಧ ಗಂಟೆ ದಂಡ. ವರ್ಟ್ ಆರಿಸುವ ತಾಮ್ರದ ಸುರುಳಿಗೆ ನಲ್ಲಿಯ ಪೈಪು ಕೂರುತ್ತದೆಯೇ, ವಾಷರ್ ಸೋರುತ್ತದೆಯೇ ನೋಡಿಕೊಳ್ಳಬೇಕು. ಗ್ಯಾಸಿನ ಒಲೆಯನ್ನು ಮುಚ್ಚಿದ ಗ್ಯಾರೇಜಿನಲ್ಲಿ ಎಂದೂ ಉರಿಸಬಾರದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಲೆಯನ್ನು ಬಯಲಲ್ಲಿ ಎಲ್ಲಿ ಇಡಬೇಕೆಂಬುದನ್ನೂ ರಾತ್ರಿಯೇ ನಿರ್ಧರಿಸಿದರೆ ಬೆಳಿಗ್ಗೆ ಮಳೆ ಬಂತೆಂದು ಒಳಗೆಳೆಯುವ ಆಸೆ ಹುಟ್ಟುವುದಿಲ್ಲ.

ನಿದ್ದೆಯ ಹೊತ್ತನ್ನೇ ದುಡಿಸಿಕೊಳ್ಳುವುದು

ಹದಿನೈದು ಲೀಟರ್ ನೀರನ್ನು 20ರಿಂದ 73.5 ಡಿಗ್ರಿಗೆ ಏರಿಸಲು ಸುಮಾರು 3,360 ಕಿಲೋಜೂಲ್ ಶಕ್ತಿ ಬೇಕು. ಅಮೆರಿಕದ ಮನೆಗಳ ಸಾಮಾನ್ಯ 120 ವೋಲ್ಟ್ ಸಾಕೆಟ್ಟಿನಿಂದ 1,500 ವಾಟಿನ ಹೀಟರ್ ನಡೆಸಿದರೆ ನಷ್ಟ ಬಿಟ್ಟೇ 37 ನಿಮಿಷ. ನಷ್ಟ ಸೇರಿದರೆ ಮುಕ್ಕಾಲು ಗಂಟೆಗೆ ಹತ್ತಿರ. ಟೈಮರ್ ಇರುವ ವಿದ್ಯುತ್ ಕೆಟಲಿನಲ್ಲಿ ರಾತ್ರಿಯೇ ನೀರು ತುಂಬಿ ಹೊತ್ತು ಗೊತ್ತು ಮಾಡಿದರೆ, ನಾವು ಏಳುವ ಹೊತ್ತಿಗೆ ನೀರು ಕಾದಿರುತ್ತದೆ. ಹೀಟರಿನ ಸುರುಳಿ ಪೂರ್ತಿ ನೀರಿನಲ್ಲಿ ಮುಳುಗಿರಲೇಬೇಕು. ಇದು ವಿದ್ಯುತ್ತಿಗೆ ಮಾತ್ರ ಸಲ್ಲುವ ಉಪಾಯ. ಗ್ಯಾಸಿನ ಉರಿಯನ್ನು ಯಾರೂ ನೋಡಿಕೊಳ್ಳದೆ ಬಿಡುವಂತಿಲ್ಲ.

ಇನ್ನೂ ಮುಂದೆ ಹೋಗುವವರು ರಾತ್ರಿಯೇ ಮ್ಯಾಶ್ ಹಾಕಿ ಮಲಗುತ್ತಾರೆ. ಐಸ್ ಪೆಟ್ಟಿಗೆಯಂಥ ದಪ್ಪ ಗೋಡೆಯ ಕೂಲರಿನಲ್ಲಿ 67 ಡಿಗ್ರಿಗೆ ಕಾಳು ಕಲಸಿ, ಮುಚ್ಚಿ, ಕಂಬಳಿ ಸುತ್ತಿದರೆ ಬೆಳಗಿನ ತನಕ ಬಿಸಿ ಬಹುಮಟ್ಟಿಗೆ ಉಳಿಯುತ್ತದೆ. ಏಳುತ್ತಲೇ ರಸ ಸೋಸಿ ಕುದಿಗಿಡಬಹುದು. ಈ ವಿಧಾನಕ್ಕೆ ಎರಡು ಎಚ್ಚರಿಕೆ ಇವೆ. ಒಂದು ಹುಳಿಯದು. ಶಾಖ ಐವತ್ತಕ್ಕಿಂತ ಕೆಳಗಿಳಿದರೆ ಸಿಪ್ಪೆಯ ಲ್ಯಾಕ್ಟೋಬ್ಯಾಸಿಲಸ್‌ಗೆ ಹಬ್ಬ. 55, 60ರ ಮೇಲೆ ನಿಂತರೆ ಭಯವಿಲ್ಲ. ಚಿಕ್ಕ ಪಾತ್ರೆ ಬೇಗ ತಣಿಯುತ್ತದೆ, ದೊಡ್ಡದು ನಿಧಾನ. ಮೊದಲ ಸಲ ಪ್ರಯೋಗಿಸುವವರು ಬರೀ ಬಿಸಿನೀರು ತುಂಬಿ ಬೆಳಿಗ್ಗೆ ಎಷ್ಟು ಇಳಿದಿದೆ ಎಂದು ನೋಡಿಕೊಳ್ಳುವುದು ಜಾಣತನ.

ಇನ್ನೊಂದು ರುಚಿಯದು. ಮಾಲ್ಟಿನ ಬೀಟಾ ಅಮೈಲೇಸ್ ಎಂಬ ಕಿಣ್ವ ಅರವತ್ತರ ಆಸುಪಾಸಿನಲ್ಲಿ ಚುರುಕು. ಯೀಸ್ಟಿಗೆ ಸುಲಭವಾಗಿ ದಕ್ಕುವ ಸಕ್ಕರೆಯನ್ನು ಅದು ಕತ್ತರಿಸಿ ಕೊಡುತ್ತದೆ. ಹೆಚ್ಚು ಹೊತ್ತು ಇಟ್ಟಷ್ಟೂ ಬಿಯರಿನಲ್ಲಿ ಉಳಿಯುವ ಸಿಹಿ ಕಡಿಮೆಯಾಗಿ, ಮೈ ತೆಳುವಾಗುತ್ತದೆ. ಬೆಲ್ಜಿಯಮ್ಮಿನ ಸೇಸನ್‌ನಂಥ ಒಣ ರುಚಿಯ ಬಿಯರಿಗೆ ಇದು ಒಪ್ಪುತ್ತದೆ. ಮಂದವಾದ, ಸಿಹಿ ಉಳಿಯಬೇಕಾದ ಸ್ಟೌಟಿಗೆ ಒಪ್ಪುವುದಿಲ್ಲ. ಅಂಥದ್ದಕ್ಕೆ 69, 70 ಡಿಗ್ರಿಯಲ್ಲಿ ಶುರು ಮಾಡಿ ಬೀಟಾ ಅಮೈಲೇಸನ್ನು ಬೇಗ ಸುಮ್ಮನಾಗಿಸುವುದುಂಟು.

ದಿನದ ಇನ್ನೊಂದು ತುದಿಯನ್ನೂ ರಾತ್ರಿಗೆ ಒಪ್ಪಿಸುವ ಕ್ರಮವನ್ನು ಜನಪ್ರಿಯಗೊಳಿಸಿದವರು ನೀರಿನ ಅಭಾವ ಬಲ್ಲ ಆಸ್ಟ್ರೇಲಿಯನ್ನರು. ಕುದಿದ ವರ್ಟನ್ನು ನೀರು ಹರಿಸಿ ಆರಿಸುವ ಬದಲು, ಬಿಸಿ ತಡೆಯುವ ಗಟ್ಟಿ ಎಚ್‌ಡಿಪಿಇ ಕ್ಯಾನಿಗೆ ಸುಡುವಾಗಲೇ ತುಂಬಿ, ಗಾಳಿ ಹಿಂಡಿ ತೆಗೆದು, ಮುಚ್ಚಳ ಬಿಗಿಯುತ್ತಾರೆ. ಅದು ತಾನಾಗಿ ಆರುತ್ತದೆ, ಯೀಸ್ಟ್ ಮರುದಿನ. ಬಿಸಿ ಬಹಳ ಹೊತ್ತು ಉಳಿಯುವುದರಿಂದ ಹಾಪ್ಸ್ ಇನ್ನೂ ಕಹಿ ಬಿಡುತ್ತಲೇ ಇರುತ್ತದೆ. ಅದಕ್ಕಾಗಿ ಕೊನೆಯ ಹಾಪ್ಸನ್ನು ಇನ್ನೂ ತಡವಾಗಿ ಹಾಕುವ ರೂಢಿಯಿದೆ.

ಉಳಿದ ಗಂಟೆಯ ಬೆಲೆ

ಇಷ್ಟೆಲ್ಲ ಮಾಡಿದರೆ ಬೆಳಿಗ್ಗೆ ಏಳಕ್ಕೆ ಕಾಳು ನೀರಿಗೆ ಬೀಳುತ್ತದೆ. ಹನ್ನೊಂದೂವರೆ, ಹನ್ನೆರಡಕ್ಕೆ ಯೀಸ್ಟ್ ಹಾಕಿ, ಪಾತ್ರೆ ತೊಳೆದು ಕೈ ಒರೆಸಿಕೊಳ್ಳಬಹುದು. ಮ್ಯಾಶಿನ ಹೊತ್ತಿನಲ್ಲೂ ಕುದಿಯ ಹೊತ್ತಿನಲ್ಲೂ ಬೇರೆ ಕೆಲಸ ಇಲ್ಲದ ಕಾರಣ ಬಳಸಿದ ಪಾತ್ರೆಗಳನ್ನು ಆಗಲೇ ತೊಳೆದುಬಿಡಬಹುದು. ಮಧ್ಯಾಹ್ನದ ಊಟ ಮನೆಯವರ ಜತೆಗೆ.

ಆದರೆ ಗಡಿಯಾರದ ಲಾಭಕ್ಕಿಂತ ಗಮನದ ಲಾಭ ದೊಡ್ಡದು. ಬಿಯರಿನ ಹಣೆಬರಹ ನಿರ್ಧಾರವಾಗುವುದು ಕೆಲವೇ ಗಳಿಗೆಗಳಲ್ಲಿ. ಕಾಳು ನೀರಿಗೆ ಬಿದ್ದ ಮೊದಲ ಹತ್ತು ನಿಮಿಷ, ಶಾಖ 67ರಲ್ಲಿ ನಿಂತಿತೇ 63ಕ್ಕೆ ಜಾರಿತೇ ಎಂಬುದು ಒಂದು. ಕುದಿ ಹತ್ತುವಾಗ ಉಕ್ಕಿ ಚೆಲ್ಲುವ ಕ್ಷಣ ಇನ್ನೊಂದು. ಆರಿದ ವರ್ಟು ಯೀಸ್ಟಿಗೆ ಸೇರುವ ಮೊದಲು ಗಾಳಿಗೆ ತೆರೆದಿರುವ ಹೊತ್ತು ಮತ್ತೊಂದು. ತಯಾರಿಯಿಲ್ಲದವರು ಈ ಗಳಿಗೆಗಳಲ್ಲೇ ಹಾಪ್ಸ್ ತೂಗುತ್ತಲೋ ಪೈಪು ಹುಡುಕುತ್ತಲೋ ಇರುತ್ತಾರೆ. ಎಲ್ಲವನ್ನೂ ಮೊದಲೇ ಮುಗಿಸಿಟ್ಟವರ ಕಣ್ಣು ಥರ್ಮಾಮೀಟರಿನ ಮೇಲಿರುತ್ತದೆ. ಎರಡು ಡಿಗ್ರಿ ತಪ್ಪಿದರೆ ಸರಿಪಡಿಸುವಷ್ಟು ವ್ಯವಧಾನ ಅವರಿಗಿರುತ್ತದೆ.

ಎಲ್ಲವನ್ನೂ ಒಂದೇ ರಾತ್ರಿ ರೂಢಿಸಿಕೊಳ್ಳಬೇಕೆಂದಿಲ್ಲ. ಮೊದಲ ಸಲಕ್ಕೆ ನೀರು ಅಳೆದು, ಕ್ಲೋರಿನ್ ತೆಗೆದು, ಹಾಳೆ ಬರೆದಿಡಿ. ಮುಂದಿನ ಸಲ ಕಾಳು, ಹಾಪ್ಸ್ ಸೇರಿಸಿ. ಆಮೇಲೆ ಟೈಮರ್. ರಾತ್ರಿಯ ಮ್ಯಾಶ್ ಕೊನೆಗಿರಲಿ, ಅದು ಬಿಯರಿನ ರುಚಿಯನ್ನೇ ಬದಲಿಸುವ ನಿರ್ಧಾರ. ಪ್ರತಿ ಸಲ ಯಾವ ಕೆಲಸಕ್ಕೆ ಎಷ್ಟು ಹೊತ್ತಾಯಿತೆಂದು ಅದೇ ಹಾಳೆಯ ಅಂಚಿನಲ್ಲಿ ಗುರುತು ಹಾಕಿದರೆ, ಮುಂದೆ ಯಾವುದನ್ನು ರಾತ್ರಿಗೆ ಸರಿಸಬೇಕೆಂದು ಹಾಳೆಯೇ ಹೇಳುತ್ತದೆ. ಪೂರ್ತಿ ರಜೆ ನುಂಗುವ ಹವ್ಯಾಸ ವರ್ಷಕ್ಕೆ ಎರಡು ಸಲ ನಡೆದರೆ ಹೆಚ್ಚು. ಅರ್ಧ ದಿನದಲ್ಲಿ ಮುಗಿಯುವುದು ತಿಂಗಳಿಗೊಮ್ಮೆ ನಡೆಯುತ್ತದೆ, ಮತ್ತು ತಿಂಗಳಿಗೊಮ್ಮೆ ಮಾಡಿದವರ ಕೈಗೆ ಮಾತ್ರ ಹದ ಹತ್ತುತ್ತದೆ.